ಹನ್ನೊಂದನೇ ನಂಬರಿನ ಬಿಳಿ ಕಾರು

೧೯೯೯ರಲ್ಲಿ ನಮ್ಮ ಕೇಬಲ್ ಚಾನೆಲ್ಲು ಮೈಸೂರಿನ ಕಾರ್ ರೇಸನ್ನು ಲೈವ್ ತೋರಿಸಿತು. ತಿರುವಿನಲ್ಲಿ ಜವರಪ್ಪ ಕ್ಯಾಮೆರಾ ಹಿಡಿದಿದ್ದ. ನಾನು ಮೈದಾನದಾಚೆ ನಿಂತ ವ್ಯಾನಿನೊಳಗೆ ಟಿ.ವಿ. ನೋಡುತ್ತಾ ಕಾಮೆಂಟರಿ ಹೇಳುತ್ತಿದ್ದೆ. ಅದು ಮನೆಗಳಲ್ಲಿ ಕೇಳುತ್ತಿತ್ತೇ ಹೊರತು ಮೈದಾನದಲ್ಲಲ್ಲ. ಮೊದಲು ನಂಬರು, ಆಮೇಲೆ ಬಣ್ಣ, ಕೊನೆಗೆ ಓಡಿಸುವವರ ಹೆಸರು. ಇದು ನನ್ನ ಕ್ರಮ.

ನಾಲ್ಕನೇ ಸುತ್ತಿನಲ್ಲಿ ಕ್ಯಾಮೆರಾ ಸರ್ರನೆ ಹೊರಳಿತು. ಟಿ.ವಿ.ಯಲ್ಲಿ ಬರೀ ಖಾಲಿ ಟ್ರ್ಯಾಕು. ದರಿದ್ರ ಮುಂಡೇದು, ಕಾರನ್ನು ಬಿಟ್ಟು ಎಲ್ಲೋ ತಿರುಗಿಸಿದೆ ಎಂದು ಜವರಪ್ಪನನ್ನು ಮನಸ್ಸಿನಲ್ಲೇ ಬೈದೆ. ಲೈವಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಹಾಗಿಲ್ಲ. "ಇದೋ, ಹನ್ನೊಂದನೇ ನಂಬರು, ಬಿಳಿ ಕಾರು!" ಎಂದುಬಿಟ್ಟೆ. ಅಂದು ಓಡಿದ್ದು ಹತ್ತೇ ಕಾರು, ಹನ್ನೊಂದನೇದು ಇರಲೇ ಇಲ್ಲ. ಯಾವ ಹೆಸರೂ ಹೊಳೆಯದೆ ಅಲ್ಲಿಗೇ ನಿಲ್ಲಿಸಿದೆ.

ರೇಸ್ ಮುಗಿದ ಮೇಲೆ ಜವರಪ್ಪನನ್ನು ತರಾಟೆಗೆ ತೆಗೆದುಕೊಂಡೆ.

"ಖಾಲಿ ಟ್ರ್ಯಾಕ್ ತೋರಿಸ್ತೀಯಲ್ಲೋ, ಕಣ್ಣಿಲ್ವಾ ನಿಂಗೆ?"

"ಖಾಲಿ ಎಲ್ಲಿತ್ತು ಸಾ? ಬಿಳಿ ಕಾರಿನ ಹಿಂದೇನೇ ತಿರುಗಿಸ್ದೆ. ಹನ್ನೊಂದನೇ ನಂಬರ್ದು."

"ಯಾರು ಓಡಿಸ್ತಿದ್ರೋ ಅದನ್ನ?"

ಅವನು ಲೆನ್ಸ್ ಒರೆಸುವುದನ್ನು ನಿಲ್ಲಿಸಿ ನನ್ನತ್ತ ನೋಡಿದ.

"ಅದನ್ನೇ ಕೇಳ್ಬೇಕು ಅಂತಿದ್ದೆ ಸಾ. ಒಳಗೆ ಯಾರೂ ಇರ್ನಿಲ್ಲ."