ಪರೀಕ್ಷೆಗೆಂದು ಇಟ್ಟ ಹೆಸರು

ಬಸುರಿಗೆ ಏನೇನು ಬಯಕೆಯಿರುತ್ತದೋ ಯಾರು ಬಲ್ಲರು! ಸಾದಲಿಯ ಕವಿತಳಿಗೆ ಮಾತ್ರ ಹುಟ್ಟುವ ಕೂಸಿಗೊಂದು ಹೆಸರು ಹುಡುಕುವುದೇ ದೊಡ್ಡ ಬಯಕೆಯಾಗಿತ್ತು. ಅತ್ತೆ ಅಮ್ಮಾಜಮ್ಮ ಒಪ್ಪಬೇಕಲ್ಲ? ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದವರು ಕೈ ನಿಲ್ಲಿಸಿ, "ಹುಟ್ಟೋಕ್ ಮುಂಚೆ ಹೆಸರು ಹಿಡಿದು ಕರೀಬಾರ್ದು ಕಣಮ್ಮ, ದೃಷ್ಟಿಯಾಗ್ತದೆ," ಎಂದಿದ್ದರು. ಗಂಡ ಮುರಳಿಮೋಹನ್ ಅಮ್ಮನಿಗೆ ಎದುರಾಡುವವನಲ್ಲ. ಕವಿತ ಬಾಯಿ ಮುಚ್ಚಿಕೊಂಡಳು. ಹೆಸರು ಮಾತ್ರ ಮನಸ್ಸಿನಲ್ಲಿ ಕೂತೇಬಿಟ್ಟಿತ್ತು. ಹೆಣ್ಣಾದರೆ ಹಿಮಜ.

ಕವಿತ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವಳು. ಪ್ರೋಗ್ರಾಂ ಬರೆಯುವವರು ತಮ್ಮ ಸರ್ವರ್ ಸರಿಯಾಗಿ ಉತ್ತರ ಕೊಡುತ್ತದೆಯೇ ಎಂದು ನೋಡಲು ಬಳಸುವ ಟೂಲ್ ಒಂದಿತ್ತು. ಓಪನ್ ಸೋರ್ಸ್, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಯಾರು ಬೇಕಾದರೂ ರಿಪೇರಿ ಮಾಡಬಹುದು. ಅದರಲ್ಲಿ ಒಂದು ಕೊರತೆಯಿತ್ತು. ಕೆಲವು ಸರ್ವರ್‌ಗಳು ಬಲು ಜಿಗುಟು; ಪಾಸ್‌ವರ್ಡ್ ಸಾಲದು, ಬಂದವರು ಯಾರೆಂದು ಹೇಳುವ ಸರ್ಟಿಫಿಕೇಟ್ ತೋರಿಸಿದರೇ ಬಾಗಿಲು ತೆಗೆಯುವುದು. ಅದನ್ನು ತೋರಿಸುವುದು ಈ ಟೂಲ್‌ಗೆ ಗೊತ್ತಿರಲಿಲ್ಲ. ಎಷ್ಟೋ ಜನ ಕೇಳಿ ಕೇಳಿ ಸುಮ್ಮನಾಗಿದ್ದರು. ಹೆರಿಗೆಗೆ ಮುಂಚೆ ತಾನೇ ಅದನ್ನು ಮುಗಿಸುತ್ತೇನೆಂದು ಕವಿತ ಬೆನ್ನಿಗೆ ದಿಂಬು ಕೊಟ್ಟುಕೊಂಡು ಹಟ ಹಿಡಿದು ಕೂತಳು.

ಬರೆದದ್ದು ಸರಿಯಿದೆಯೇ ಎಂದು ಪರೀಕ್ಷಿಸಲು ಒಂದು ಮಾದರಿ ಸರ್ಟಿಫಿಕೇಟ್ ಬೇಕು. ಅದರಲ್ಲಿ ಹೆಸರು, ಊರು ತುಂಬಬೇಕು. ಬೇರೆಯವರಾದರೆ ಟೆಸ್ಟ್ ಎಂದೋ ಏನೋ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇವಳ ಬೆರಳಿಗೆ ಏನು ಬಂದಿತ್ತೋ! ಹಿಮಜ ಮುರಳಿಮೋಹನ್ ಎಂದು ಒತ್ತಿದಳು, ಊರು ಎಂಬಲ್ಲಿ ತಮ್ಮ ತಾಲ್ಲೂಕಿನ ಹೆಸರು ಶಿಡ್ಲಘಟ್ಟ ಎಂದು ಸೇರಿಸಿದಳು. ಬಾಯಿಬಿಟ್ಟು ಕರೆದಿಲ್ಲವಲ್ಲ, ಅತ್ತೆಯ ಮಾತು ಮೀರಿದ ಹಾಗಾಗಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸರ್ವರ್ ಆ ಹೆಸರನ್ನು ಓದಿ ಒಳಗೆ ಬಿಟ್ಟುಕೊಂಡಿತು. ಕವಿತ ಹೊಟ್ಟೆ ಸವರಿಕೊಂಡು ನಕ್ಕಳು. ಬರೆದದ್ದನ್ನೆಲ್ಲ ಟೂಲ್‌ನ ಉಸ್ತುವಾರಿ ನೋಡುವವನಿಗೆ ಕಳಿಸಿದಳು. ಅವನು ಒಪ್ಪಿದರೆ ಅದು ಟೂಲ್‌ಗೆ ಸೇರಿಕೊಳ್ಳುತ್ತದೆ.

ಕೂಸು ಹೆಣ್ಣೇ. ಅಳಲಿಲ್ಲ.

ಆಸ್ಪತ್ರೆಯವರು ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ ‘ಕವಿತ ಮಗು’ ಎಂದಷ್ಟೇ ಇತ್ತು. ಉಸಿರಾಡದ ಕೂಸಿಗೆ ತೊಟ್ಟಿಲಿಲ್ಲ, ನಾಮಕರಣವಿಲ್ಲ. ಗಂಡಸರು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಆಮೇಲೆ ಯಾರಾದರೂ ಮಾತೆತ್ತಿದರೂ ‘ಅದು’ ಎನ್ನುತ್ತಿದ್ದರು, ಅದು ಹೋದಾಗ ಹೀಗಾಯಿತು, ಅದು ಹೋದ ಮೇಲೆ ಹಾಗಾಯಿತು ಎಂದು. ಕೇಳಿದಾಗಲೆಲ್ಲ ಕವಿತ ಎದ್ದು ಒಳಗೆ ಹೋಗುತ್ತಿದ್ದಳು. ಹೆಸರು ಬರೆದು ತಾನೇ ದೃಷ್ಟಿ ತಾಗಿಸಿದೆನೇನೋ ಎಂಬ ಕೊರಗು ಬೇರೆ. ಓದಿದವಳಿಗೆ ಅದೆಲ್ಲ ಸುಳ್ಳೆಂದು ಗೊತ್ತು. ಗೊತ್ತಿದ್ದರೆ ಸಂಕಟ ಕೇಳುತ್ತದೆಯೇ?

ಬಿಟ್ಟಿ ಕೆಲಸದವರಿಗೆ ಆತುರವೆಲ್ಲಿ? ಉಸ್ತುವಾರಿಯವನ ಉತ್ತರ ಬರುವಷ್ಟರಲ್ಲಿ ಎಷ್ಟೋ ತಿಂಗಳು ಕಳೆದಿತ್ತು. ಎಲ್ಲಿಯವನೋ, ಮುಖ ನೋಡಿದವಳಲ್ಲ. ಕೆಲಸ ಬಹಳ ಚೆನ್ನಾಗಿದೆ ಎಂದು ಹೊಗಳಿ, ಒಂದೇ ಒಂದು ಅನುಮಾನ ಎಂದಿದ್ದ. ಮಾದರಿ ಸರ್ಟಿಫಿಕೇಟಿನಲ್ಲಿರುವ ಹೆಸರು, ಊರು ನೋಡಿದರೆ ನಿಜವಾದ ವ್ಯಕ್ತಿಯ ಹಾಗಿದೆ. ನಿಜವಾದವರ ವಿವರ ನಾವು ಇಟ್ಟುಕೊಳ್ಳುವುದಿಲ್ಲ. ಅಂಥವರು ಇರುವುದಾದರೆ ಅಳಿಸಿ ಬೇರೆ ಹೆಸರು ಹಾಕಿ. ಇಲ್ಲವಾದರೆ ಹಾಗೇ ಇರಲಿ ಎಂದು ಬರೆದಿದ್ದ.

ಮಧ್ಯಾಹ್ನ ಊಟಕ್ಕೆ ಬಂದ ಮುರಳಿಮೋಹನ್ ಹೆಂಡತಿಯ ಮುಖ ನೋಡಿ ಅವಳ ಹಿಂದೆ ಬಂದು ನಿಂತ. ಕಂಪ್ಯೂಟರಿನಲ್ಲಿದ್ದುದನ್ನು ಓದಿದ. ತನ್ನ ಹೆಸರಿನ ಜೊತೆಗಿದ್ದ ಹೆಸರನ್ನು ಇನ್ನೊಮ್ಮೆ ಓದಿದ. ಬಿಡಿಸಿ ಹೇಳಬೇಕಾಗಲಿಲ್ಲ.

"ಹಿಮಜ," ಎಂದ. ಆ ಮನೆಯಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಚೆನ್ನಾಗೈತೆ ಕಣೇ. ನಂಗ್ಯಾಕೆ ಹೇಳ್ಲಿಲ್ಲ?"

ಕವಿತ ಗೊಳೋ ಎಂದು ಅತ್ತಳು. ಅತ್ತೆಗೆ ಕೇಳಿಸೀತೆಂಬ ಪರಿವೆಯೂ ಇರಲಿಲ್ಲ. ಇನ್ನೆಲ್ಲೂ ಇಲ್ಲದ ಹೆಸರು ಇದೊಂದು ಕಡೆ ಉಳಿದಿದೆ. ನನ್ನ ಮಗಳು ಎಂದರೆ ಅದನ್ನೂ ಅಳಿಸಬೇಕು. ಏನೆಂದು ಬರೆಯಲಿ ಎಂದು ಗಂಡನನ್ನೇ ಕೇಳಿದಳು.

"ಉಳೀಲಿ ಬಿಡು," ಎಂದ ಅವನು. "ಯಾರೂ ಇಲ್ಲ ಅಂತ್ಲೇ ಬರಿ."

ಕವಿತ ಸೆರಗಿನಿಂದ ಕಣ್ಣೊರೆಸಿಕೊಂಡು ಬರೆದಳು: ‘ಇದು ನಿಜವಾದ ವ್ಯಕ್ತಿಯಲ್ಲ. ಹಿಮಜ ಎಂಬುವಳು ಯಾರೂ ಇಲ್ಲ. ಪರೀಕ್ಷೆಗೆಂದು ನಾನೇ ಇಟ್ಟ ಹೆಸರು.’ ಹೆತ್ತವಳು ಬರೆಯುವ ಮಾತೇ ಅದು? ಕಳಿಸಿದಳು.

ಸ್ವಲ್ಪ ಹೊತ್ತಿಗೇ ಉತ್ತರ ಬಂತು. ಹಾಗಾದರೆ ತೊಂದರೆಯಿಲ್ಲ, ಸೇರಿಸಿಕೊಂಡಿದ್ದೇನೆ ಎಂದಿತ್ತು.