ಇಳಿದ ಹೆಗಲು

ಆ ಪೇಂಟರನಿಗೆ ಹೆತ್ತವರು ಇಟ್ಟ ಹೆಸರು ಅವನ ಹೆಂಡತಿಗೂ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಊರಿಗೆಲ್ಲ ಅವನು ‘ಏಣಿ’. ಆಳು ಅಷ್ಟು ಉದ್ದ. ಉಳಿದವರು ಸ್ಟೂಲು ಹತ್ತಿ ಬಳಿಯುವ ಕಡೆ ಇವನು ನೆಲದ ಮೇಲೆ ನಿಂತೇ ರೋಲರ್ ಆಡಿಸುತ್ತಿದ್ದ. ಚಾವಣಿ ಕೆಲಸವೆಂದರೆ ಪೇಂಟರುಗಳು ಮೂಗು ಮುರಿಯುತ್ತಾರೆ. ಕತ್ತು ಹಿಂದಕ್ಕೆ ವಾಲಿಸಬೇಕು, ಕೈ ಇಳಿಸುವ ಹಾಗಿಲ್ಲ, ಕಣ್ಣಿಗೆ ಬಣ್ಣ ತೊಟ್ಟಿಕ್ಕುತ್ತದೆ. ಏಣಿಗೆ ಮಾತ್ರ ಅದೇ ಇಷ್ಟ. “ಗೋಡೆಗೆ ಹತ್ತು ಜನ ಒರಗ್ತಾರೆ, ಕೊಳೆ ಮಾಡ್ತಾರೆ. ಚಾವಣಿ ಬಳಿದವನದ್ದೇ,” ಎನ್ನುತ್ತಿದ್ದ. ಕೆಲಸ ಹಿಡಿಯುತ್ತಿದ್ದವನು ಅವನ ಭಾವ, ಹೆಂಡತಿಯ ಅಣ್ಣ. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಎಲ್ಲಿ ಎತ್ತರದ ಹಾಲ್ ಇದ್ದರೂ, “ನಮ್ಮ ಏಣಿ ಇದಾನೆ ಬಿಡಿ,” ಎಂದು ಒಪ್ಪಿಕೊಂಡು ಬರುತ್ತಿದ್ದ.

ಒಂದು ದಿನ ಗಡ್ಡ ಹೆರೆದುಕೊಳ್ಳುವಾಗ ಕುತ್ತಿಗೆಯ ಬಲಗಡೆ ಒಂದು ಗಂಟು ಕೈಗೆ ಸಿಕ್ಕಿತು. ಹುಣಸೆಬೀಜದಷ್ಟಿತ್ತು. ನೋವಿಲ್ಲ, ಏನಿಲ್ಲ. ಅವನು ಸುಮ್ಮನಿರುತ್ತಿದ್ದನೋ ಏನೋ, ಹೆಂಡತಿ ಬಿಡಲಿಲ್ಲ. ಅವಳ ಅಪ್ಪ ಹೋಗಿದ್ದು ಇಂಥದ್ದೇ ಗಂಟಿನಿಂದ. “ತೆಗೆಸ್ಕೊಂಡು ಬಿಡಿ ರೀ. ಇದನ್ನ ಇಟ್ಕೊಂಡು ನಾನು ಅನ್ನ ನುಂಗಲಾರೆ,” ಎಂದು ಬೆನ್ನು ಬಿದ್ದಳು.

ಆಸ್ಪತ್ರೆಯ ಸರ್ಜನ್ ನಗುಮುಖದ ಮನುಷ್ಯ. ಗಂಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಸಣ್ಣ ವಿಷಯ. ಮರಗಟ್ಟಿಸಿ ತೆಗೆದುಬಿಡ್ತೀನಿ, ಪರೀಕ್ಷೆಗೆ ಕಳಿಸೋಣ. ಸಂಜೆ ಮನೆಗೆ ಹೋಗಬಹುದು,” ಎಂದರು. ಹಾಗೇ ಆಯಿತು. ಒಳಗೆ ಕತ್ತರಿ ಆಡುತ್ತಿದ್ದಾಗ ಒಮ್ಮೆ ಮಾತ್ರ ಕಿವಿಯಿಂದ ಹೆಗಲಿನವರೆಗೆ ಬೆಂಕಿಗೆರೆ ಎಳೆದಂತಾಗಿ ಏಣಿ ಚೀರಿದ. “ಆಯ್ತು, ಆಯ್ತು,” ಎಂದರು ಸರ್ಜನ್.

ಗಂಟಿನಲ್ಲಿ ಏನೂ ಇರಲಿಲ್ಲ. ಹೆಂಡತಿಗೆ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು.

ಹೊಲಿಗೆ ಬಿಚ್ಚಿಸಲು ಹೋದ ದಿನ ಏಣಿ, “ಸಾರ್, ಕೈ ಯಾಕೋ ಭಾರ. ಹೆಗಲಿಗೆ ಯಾರೋ ತುಂಬಿದ ಬಕೆಟ್ ನೇತುಹಾಕಿದ ಹಾಗಿದೆ,” ಎಂದ.

ಸರ್ಜನ್, “ಎರಡೂ ಹೆಗಲು ಮೇಲಕ್ಕೆ ಎತ್ತಿ ನೋಡೋಣ. ಯಾರಾದ್ರೂ ಏನೋ ಕೇಳಿದಾಗ ‘ನಂಗೇನು ಗೊತ್ತು’ ಅಂತೀವಲ್ಲ, ಹಾಗೆ,” ಎಂದರು. ಏಣಿ ಎತ್ತಿದ. ಅವರು ಒಂದು ಗಳಿಗೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಗಾಯ ಇನ್ನೂ ಹಸಿ. ಕೈ ಆಡಿಸ್ತಾ ಇರಿ, ಸರಿಹೋಗತ್ತೆ.”

ಸರಿಹೋಗಲಿಲ್ಲ. ಮೊದಲು ಭಾರವಿದ್ದದ್ದು ಆಮೇಲೆ ಉರಿಯಾಯಿತು. ಕಿವಿಯ ಹಿಂದಿನಿಂದ ಇಳಿದು ಹೆಗಲ ತುದಿಯಲ್ಲಿ ಕೂತು, ಅಲ್ಲಿಂದ ಮೊಳಕೈವರೆಗೆ ಬಿಸಿ ತಂತಿಯಂತೆ ಹರಿಯುತ್ತಿತ್ತು. ಬಲ ಮಗ್ಗುಲಿಗೆ ಮಲಗುವಂತಿಲ್ಲ, ಎಡ ಮಗ್ಗುಲಿಗೆ ಮಲಗಿದರೆ ಬಲಗೈ ಮುಂದಕ್ಕೆ ಜಾರಿ ಎಳೆಯುತ್ತಿತ್ತು. ಒಬ್ಬ ಡಾಕ್ಟರು ಹೆಗಲ ಕೀಲು ಬಿಗಿದಿದೆ ಎಂದು ವ್ಯಾಯಾಮ ಹೇಳಿಕೊಟ್ಟರು. ಮಾಡಿದಷ್ಟೂ ನೋವು ಹೆಚ್ಚಿತು. ಇನ್ನೊಬ್ಬರು ಕತ್ತಿನ ಮೂಳೆ ಸವೆದಿದೆ, ಚಾವಣಿ ಕೆಲಸದ ಫಲ ಎಂದು ಪಟ್ಟಿ ಹಾಕಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮತ್ತೊಬ್ಬರ ಮಾತ್ರೆ ನುಂಗಿದರೆ ನೋವು ಇದ್ದಲ್ಲೇ ಇರುತ್ತಿತ್ತು, ತೂಕಡಿಕೆ ಮಾತ್ರ ಬರುತ್ತಿತ್ತು. ವರ್ಷ ದಾಟಿದ ಮೇಲೆ ಕೊನೆಗೆ ಸಿಕ್ಕಿದವರು ಕಾಗದಗಳನ್ನೆಲ್ಲ ತಿರುವಿ ಹಾಕಿ, “ಗಂಟಿನ ಭಯ ನಿಮ್ಮ ಮನಸ್ಸಿಂದ ಹೋಗಿಲ್ಲ. ನೋವು ಅಲ್ಲಿದೆ,” ಎಂದು ಹಣೆ ಮುಟ್ಟಿ ತೋರಿಸಿದರು.

ಈ ಮಾತು ಭಾವನ ಕಿವಿಗೆ ಬಿದ್ದದ್ದೇ ತಡ, ಅವನಿಗೊಂದು ಆಯುಧ ಸಿಕ್ಕಂತಾಯಿತು. “ಊದಿಲ್ಲ, ಕೀವಿಲ್ಲ, ಮೂಳೆ ಮುರಿದಿಲ್ಲ. ನೋವು ಅಂದ್ರೆ ಯಾರು ನಂಬ್ತಾರೋ? ಏಣಿಗೆ ಗೆದ್ದಲು ಹಿಡೀತು ಅಂತಾರೆ ಜನ.” ಉಳಿದ ಪೇಂಟರುಗಳು ನಕ್ಕರು. ಏಣಿಯೂ ನಕ್ಕ. ನಗದೆ ಇನ್ನೇನು ಮಾಡುವುದು?

ಒಂದು ಆಫೀಸಿನ ದೊಡ್ಡ ಹಾಲಿನ ಚಾವಣಿಗೆ ಬಣ್ಣ ಹೊಡೆಯುತ್ತಿದ್ದರು. ಏಣಿ ಎಡಗೈಯಿಂದ ಬಲ ಮೊಳಕೈಗೆ ಆಸರೆ ಕೊಟ್ಟು ರೋಲರನ್ನು ಮೇಲಕ್ಕೆ ತಳ್ಳಿದ. ಕೈ ಹೆಗಲ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಹಲ್ಲು ಕಚ್ಚಿ ಇನ್ನೊಂದು ಗೇಣು ನೂಕಿದ. ಕಣ್ಣು ಕತ್ತಲಿಟ್ಟಿತು. ಬಣ್ಣ ತುಂಬಿದ ರೋಲರ್ ಕೈಜಾರಿ, ಕೆಳಗೆ ಬಗ್ಗಿ ಬಣ್ಣದ ಡಬ್ಬಿಯ ಮುಚ್ಚಳ ಒರೆಸುತ್ತಿದ್ದ ಭಾವನ ಬೆನ್ನ ಮೇಲೆ ಬಿತ್ತು.

ಭಾವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಬಟ್ಟೆಯಿಂದ ಬೆನ್ನು ಒರೆಸಿಕೊಳ್ಳುತ್ತ, ತಂಗಿಯ ಗಂಡನ ಮುಖ ನೋಡದೆ, “ನೀನು ಕೆಳಗೆ ಕೂತ್ಕೊಂಡು ಬಾಗಿಲಿಗೆ ಉಜ್ಜುಕಾಗದ ಹಾಕು ಸಾಕು,” ಎಂದ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕೊಡುವ ಕೆಲಸ ಅದು. ಏಣಿ ಅಂದು ಬಾಗಿಲ ಬುಡದಲ್ಲಿ ಕೂತು ಎಡಗೈಯಲ್ಲಿ ಉಜ್ಜಿದ. ತಲೆ ಎತ್ತಿ ಮೇಲೆ ನೋಡಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಅವನನ್ನು ಕಿಟಕಿಯ ಬಳಿ ಕೂರಿಸಿ ಬೆನ್ನಿಗೆ ಮುಲಾಮು ತಿಕ್ಕುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು.

“ಏನಾಯ್ತೇ?”

“ಸ್ವಲ್ಪ ಗೋಡೆಗೆ ಕೈ ಕೊಟ್ಟು ನಿಂತ್ಕೊಳ್ಳಿ.”

ನಿಂತ. ಅವಳು ಎಡ ಬೆನ್ನು ಮುಟ್ಟಿದಳು, ಬಲ ಬೆನ್ನು ಮುಟ್ಟಿದಳು. “ರೀ, ಈ ಕಡೆ ಹೆಗಲಲ್ಲಿ ಮಾಂಸವೇ ಇಲ್ಲ. ಹೆಗಲ ಹಿಂದಿನ ಮೂಳೆ ಕೋಳಿರೆಕ್ಕೆ ಥರ ಎದ್ದು ನಿಂತಿದೆ.” ಅಂಗಿಯ ಕೊರಳು ಯಾವಾಗಲೂ ಬಲಗಡೆಗೆ ಜಾರುತ್ತಿದ್ದದ್ದನ್ನು ಅವಳು ನೋಡಿದ್ದಳು, ಹೊಲಿಗೆ ಸರಿಯಿಲ್ಲ ಎಂದುಕೊಂಡಿದ್ದಳು. ಅಂಗಿ ನೆಟ್ಟಗೇ ಇತ್ತು.

ಹುಡುಕಿ ಹುಡುಕಿ ಅವನನ್ನು ನರಗಳ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದಳು. ಅವರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಅಂಗಿ ಬಿಚ್ಚಿಸಿ, ಬೆನ್ನು ತಿರುಗಿಸಿ ನಿಲ್ಲಿಸಿ ನೋಡಿದರು. ಗಾಯದ ಕಲೆಯಿಂದ ಹೆಗಲವರೆಗೆ ಬೆರಳಾಡಿಸಿದರು. ಆಮೇಲೆ, “ಎರಡೂ ಹೆಗಲು ಎತ್ತಿ,” ಎಂದರು.

ಎಡ ಹೆಗಲು ಕಿವಿಯ ಹತ್ತಿರ ಹೋಯಿತು. ಬಲ ಹೆಗಲು ಅಲುಗಿತಷ್ಟೆ. ಎದುರಿನ ಕನ್ನಡಿಯಲ್ಲಿ ಏಣಿ ಅದನ್ನು ಮೊದಲ ಸಲ ನೋಡಿದ. ಕನ್ನಡಕ ಒರೆಸಿಕೊಳ್ಳುತ್ತಿದ್ದ ಸರ್ಜನ್ ಕಣ್ಣಮುಂದೆ ಬಂದರು.

ಸೂಜಿ ಚುಚ್ಚಿ, ಮಿಷಿನ್ ಹಚ್ಚಿ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. “ಹೆಗಲನ್ನ ಎತ್ತಿ ಹಿಡಿಯೋ ನರ ಒಂದು ಕುತ್ತಿಗೆಯಲ್ಲಿ ಚರ್ಮದ ಕೆಳಗೇ ಹೋಗತ್ತೆ. ಗಂಟು ತೆಗೆಯುವಾಗ ಅದು ತುಂಡಾಗಿದೆ. ಸ್ನಾಯು ಒಣಗಿದೆ. ಹೆಗಲು ಜೋತುಬಿದ್ದು ಉಳಿದ ನರಗಳನ್ನ ಎಳೀತಿದೆ. ಅದಕ್ಕೇ ನೋವು ಏರ್ತಾ ಇರೋದು.”

“ಅಂದ್ರೆ ನೋವು ನನ್ನ ತಲೆಯಲ್ಲಿಲ್ಲ?” ಎಂದ ಏಣಿ.

“ಇಲ್ಲ.”

ಅವನಿಗೆ ಅಳು ಬಂತು. ಅದು ಸಮಾಧಾನದ ಅಳು. ಹೆಂಡತಿ ಕೇಳಿದಳು: “ಹೊಲಿಬಹುದಾ ಡಾಕ್ಟ್ರೇ?”

“ಮೊದಲ ಕೆಲವು ತಿಂಗಳಲ್ಲಿ ಬಂದಿದ್ರೆ ಆಗ್ತಿತ್ತು. ಈಗ ಆಗಲ್ಲ. ಬೆನ್ನಿನ ಬೇರೆ ಸ್ನಾಯು ತಂದು ಕಟ್ಟೋ ದೊಡ್ಡ ಆಪರೇಷನ್ ಒಂದಿದೆ. ಮಾಡಿಸಿದ್ರೂ ತಲೆ ಮೇಲಿನ ಕೆಲಸ ಮರೆತುಬಿಡಿ. ನೋವು ಪೂರ್ತಿ ಹೋಗತ್ತೆ ಅಂತಲೂ ಹೇಳಲಾರೆ.”

ಏಣಿ ಮಾರನೆಯ ದಿನವೇ ಸರ್ಜನ್ ಬಳಿ ಹೋದ. ಜಗಳಕ್ಕಲ್ಲ. ಒಂದೇ ಒಂದು ಮಾತು ಕೇಳಬೇಕಿತ್ತು. ಅವರು ಪರೀಕ್ಷೆಯ ಕಾಗದ ಓದಿದರು. ಮುಖದ ನಗು ಮಾಸಿತು.

“ಕುತ್ತಿಗೆ ಅಂದ್ರೆ ನರಗಳ ಸಂತೆ ಇದ್ದ ಹಾಗೆ. ಎಷ್ಟು ಜೋಪಾನ ಮಾಡಿದ್ರೂ ಒಮ್ಮೊಮ್ಮೆ…”

“ಅದಕ್ಕೆ ಬಂದಿಲ್ಲ ಸಾರ್. ಯಾರ ಕೈಯಾದ್ರೂ ತಪ್ಪುತ್ತೆ. ಹೊಲಿಗೆ ಬಿಚ್ಚಿದ ದಿನ ಹೆಗಲು ಎತ್ತು ಅಂದ್ರಲ್ಲ. ಅವತ್ತೇ ನಿಮಗೆ ಗೊತ್ತಾಯ್ತಾ?”

ಸರ್ಜನ್ ಕಾಗದ ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. “ತಾನಾಗೇ ಚೇತರಿಸಿಕೊಳ್ಳಬಹುದು ಅಂತ ಇತ್ತು,” ಎಂದರು ಮೇಜಿಗೆ ಹೇಳುವಂತೆ. “ಹೊರಗೆ ಪೇಷೆಂಟುಗಳು ಕಾಯ್ತಿದಾರೆ.”

ಹೇಳಿದ್ದರೆ ಸಾಕಿತ್ತು. ಒಂದು ಮಾತು ಹೇಳಿದ್ದರೆ ಕಾಲ ಮೀರುವ ಮೊದಲೇ ಹೊಲಿಸಿಕೊಳ್ಳಬಹುದಿತ್ತು. ಇದನ್ನೆಲ್ಲ ಹೇಳಲು ಏಣಿ ಬಾಯಿ ತೆರೆದ. ಆದರೆ ಹೆಗಲಲ್ಲಿ ಬೆಂಕಿ ಎದ್ದಿತು. ಮೊಳಕೈಯನ್ನು ಎಡಗೈಯಲ್ಲಿ ಹೊತ್ತುಕೊಂಡು, ಮಗುವನ್ನು ಎತ್ತಿಕೊಂಡವನಂತೆ ಹೊರಗೆ ಬಂದ.

ವಿಷಯ ತಿಳಿದ ಸಂಜೆ ಭಾವ ಮನೆಗೆ ಬಂದ. ಜೋರುಬಾಯಿಯವನು ಅಂದು ಚಾಪೆಯ ಅಂಚು ಕೀಳುತ್ತ ಕೂತಿದ್ದ. “ಗೆದ್ದಲು ಅಂದ್ನಲ್ಲೋ ನಾನು,” ಎಂದಷ್ಟೇ ಹೇಳಿ ಎದ್ದ. ಬಾಗಿಲಲ್ಲಿ ತಿರುಗಿ, “ಬಣ್ಣ ಬೆರೆಸೋಕೆ ಕಣ್ಣು ಸಾಕು. ನಾಳೆಯಿಂದ ಅದನ್ನ ನೀನೇ ನೋಡ್ಕೋ,” ಎಂದ. ಏಣಿ ತಲೆ ಆಡಿಸಿದ.

ಅವನು ಹೋದ ಮೇಲೆ ಹೆಂಡತಿ ಗಂಡನ ಅಂಗಿ ಕಳಚಲು ನೆರವಾದಳು. ಬಲ ತೋಳನ್ನು ಮೆಲ್ಲಗೆ ಬಿಡಿಸುತ್ತ, “ತೆಗೆಸ್ಕೊಳ್ಳಿ ಅಂತ ಬೆನ್ನು ಬಿದ್ದವಳು ನಾನೇ ಅಲ್ವಾ?” ಎಂದಳು.

ನಿನ್ನ ತಪ್ಪೇನಿದೆಯೇ ಎನ್ನಬೇಕು. ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ತೋಳು ಸ್ವಲ್ಪ ಜಗ್ಗಿತು. ಅವನು ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿದ. ತೆರೆಯುವ ಹೊತ್ತಿಗೆ ಅವಳು ಅಂಗಿ ಹಿಡಿದು ಬಚ್ಚಲಿಗೆ ಹೋಗಿಬಿಟ್ಟಿದ್ದಳು.

ಆಮೇಲೆ ಅವನು ಆ ಮಾತನ್ನು ಎಷ್ಟೋ ಸಲ ಹೇಳಿದ. “ಹೂಂ,” ಎನ್ನುತ್ತಿದ್ದಳು. ಇನ್ನೊಮ್ಮೆ ಮೈ ಕೊಯ್ಯಿಸಿಕೊಳ್ಳಲು ಅವನು ಒಪ್ಪಲಿಲ್ಲ, ಅವಳೂ ಒತ್ತಾಯಿಸಲಿಲ್ಲ. ನೋವು ಮನೆಯ ಇನ್ನೊಬ್ಬ ಸದಸ್ಯನಂತೆ ಉಳಿದುಕೊಂಡಿತು. ದಿನಾ ಬೆಳಿಗ್ಗೆ ಅವಳೇ ಅಂಗಿ ತೊಡಿಸಿ ಗುಂಡಿ ಹಾಕುತ್ತಿದ್ದಳು. ಕೊರಳ ಪಟ್ಟಿ ಸರಿಮಾಡುವಾಗ ಅವಳ ಬೆರಳು ಆ ಕಲೆಯ ಹತ್ತಿರ ಬಂದು ತಡೆಯುತ್ತಿತ್ತು, ಮುಟ್ಟದೆ ಸುತ್ತಿಕೊಂಡು ಹೋಗುತ್ತಿತ್ತು.