ಪಾದದ ತೂಕ

‘ಮನೇಲಿ ನೀವೊಬ್ರೇ ಓಡಿಸೋದು ಅಂದಿದ್ರಲ್ಲ ಸಾರ್?’

ಮೇಷ್ಟ್ರು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಕೇಳಿದರು. ಅವನು ಕಾರಿನ ತೆರೆದ ಬಾಗಿಲಿಗೆ ಒರಗಿ ನಿಂತಿದ್ದ. ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ ಕೇಬಲ್ಲು ಸೀಟನ್ನು ದಾಟಿ ಅವರ ತೊಡೆಯವರೆಗೆ ಬಂದಿತ್ತು.

‘ಹೌದು, ನಾನೊಬ್ಬನೇ.’

ಹದಿನೈದು ದಿನದ ಹಿಂದೆ ಇದೇ ಮಾತನ್ನು ಇದೇ ಜಾಗದಲ್ಲಿ ಹೇಳಿದ್ದ. ಆಗ ನಾಲಿಗೆ ಸ್ವಲ್ಪ ತಡವರಿಸಿತ್ತು. ಈಗ ಅದೂ ಇಲ್ಲ.

ಮೇಷ್ಟ್ರು ಹಿಂದೆ ತಾಂತ್ರಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವರು. ಅದನ್ನು ಬಿಟ್ಟು ಈ ತಗಡಿನ ಶೆಡ್ಡಿನಲ್ಲಿ ಕಾರುಗಳ ಶಕ್ತಿ ಹೆಚ್ಚಿಸುವ ಕೆಲಸಕ್ಕೆ ಕೂತರೂ ಹೆಸರು ಅಂಟಿಕೊಂಡೇ ಬಂದಿತ್ತು, ವಿವರಿಸುವ ಚಟವೂ. ಮೊದಲ ದಿನ ಅರ್ಧ ಗಂಟೆ ಪಾಠವಾಗಿತ್ತು. ಟರ್ಬೊ ಎಷ್ಟು ಗಾಳಿ ನೂಕಬೇಕು, ಎಷ್ಟು ಪೆಟ್ರೋಲು ಸೇರಬೇಕು, ಕಿಡಿ ಯಾವಾಗ ಹೊತ್ತಬೇಕು ಎಂಬುದೆಲ್ಲ ಇಂಜಿನ್ನಿನ ಪುಟ್ಟ ಕಂಪ್ಯೂಟರಿನಲ್ಲಿ ಬರೆದಿರುತ್ತದೆ. ಕಂಪನಿಯವರು ಹೆದರಿ ಹೆದರಿ ಬರೆದಿರುತ್ತಾರೆ. ಆ ಅಂಕಿಗಳನ್ನು ತಿದ್ದಿದರಾಯಿತು. ಒಂದು ಸ್ಕ್ರೂ ಬಿಚ್ಚುವುದಿಲ್ಲ, ಹೊರಗಿನಿಂದ ಏನೂ ಕಾಣುವುದಿಲ್ಲ.

ಏನೂ ಕಾಣುವುದಿಲ್ಲ ಎಂಬುದೇ ಅವನಿಗೆ ಹಿಡಿಸಿತ್ತು.

‘ಪೆಡಲ್ಲೂ ಚುರುಕು ಮಾಡ್ಲಾ?’ ಎಂದು ಅವರು ಅವತ್ತು ಕೇಳಿದ್ದರು. ‘ಕಾಲು ತಾಗಿಸಿದ್ರೆ ಸಾಕು, ಎಗರತ್ತೆ. ಆದ್ರೆ ಮನೇಲಿ ಬೇರೆಯವರೂ ಓಡಿಸೋದಾದ್ರೆ ನಾನು ಅದಕ್ಕೆ ಕೈ ಹಾಕಲ್ಲ. ಅವರ ಕಾಲಿಗೆ ಹಳೇ ಅಭ್ಯಾಸ ಇರತ್ತೆ.’

ನಾನೊಬ್ಬನೇ ಎಂದಿದ್ದ. ಆ ಕಾರನ್ನು ಆರು ತಿಂಗಳಿಂದ ದಿನಾ ಓಡಿಸುತ್ತಿದ್ದವಳು ಅವನ ಹೆಂಡತಿ.

ಅವನ ಉದ್ಯೋಗ ತೂಕದ ಯಂತ್ರಗಳನ್ನು ಪರೀಕ್ಷಿಸಿ ಮುದ್ರೆ ಹಾಕುವುದು. ಇಪ್ಪತ್ತೊಂದು ವರ್ಷದಿಂದ ಊರಿನ ಅಂಗಡಿಗಳ ಮುಳ್ಳು ಸೊನ್ನೆಯಲ್ಲಿ ನಿಂತಿದೆಯೇ ಎಂದು ಬಗ್ಗಿ ನೋಡುತ್ತ ಬಂದವನು. ಹತ್ತು ಗ್ರಾಂ ಆಚೀಚೆಯಾದರೆ ಅಂಗಡಿಯವನ ಬೆವರಿಳಿಸುತ್ತಿದ್ದ. ಇಡೀ ಜೀವನ ಸೊನ್ನೆಯನ್ನೇ ನೋಡಿದವನಿಗೆ ಒಂದು ದಿನ ಸೊನ್ನೆಯಿಂದ ಆಚೆ ನೆಗೆಯಬೇಕು ಅನ್ನಿಸಿತು. ಹೆಂಡತಿಗೆ ಹೇಳಿದ್ದರೆ, ‘ಇದು ಸಂಸಾರದ ಗಾಡಿ ರೀ, ಸಂತೆಗೆ ಹೋಗೋಕೆ ರಾಕೆಟ್ ಯಾಕೆ?’ ಎನ್ನುತ್ತಿದ್ದಳು. ಆದ್ದರಿಂದ ಹೇಳಲಿಲ್ಲ. ಶನಿವಾರ ಮಾಡಿಸಿದ. ಭಾನುವಾರ ಹೊರವಲಯದ ಖಾಲಿ ರಸ್ತೆಯಲ್ಲಿ ಒಬ್ಬನೇ ಹೋಗಿ ಬಂದ. ಬೆನ್ನು ಸೀಟಿಗೆ ಅಂಟಿಕೊಂಡಾಗ ಜೋರಾಗಿ ನಕ್ಕಿದ್ದ.

ಸೋಮವಾರ ಅವಳು ಓಡಿಸಿದಳು.

‘ಇಲ್ಲಿ ಬನ್ನಿ,’ ಮೇಷ್ಟ್ರು ಪರದೆಯನ್ನು ಅವನ ಕಡೆ ತಿರುಗಿಸಿದರು. ಇಂಜಿನ್ ಹೊಸ ಅಂಕಿಗಳನ್ನು ತಾಳಿಕೊಳ್ಳುತ್ತದೆಯೇ ಎಂದು ತಿಳಿಯಲು ಅವರು ಮೊದಲ ತಿಂಗಳು ಕಾರಿನಲ್ಲಿ ಒಂದು ಚಿಕ್ಕ ಡಬ್ಬಿ ಇಟ್ಟಿರುತ್ತಿದ್ದರು. ಓಡಿದ್ದೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. ಆ ಡಬ್ಬಿಯನ್ನು ಅವನು ಮರೆತೇಬಿಟ್ಟಿದ್ದ.

‘ಸೋಮವಾರ, ನಾಲ್ಕು ಗಂಟೆ ಹನ್ನೆರಡು ನಿಮಿಷ. ಈ ಕೆಂಪು ಗೆರೆ ಕಾಲು. ನೂರಕ್ಕೆ ಹದಿನೆಂಟು ಒತ್ತಿದ್ದಾರೆ, ಅಷ್ಟೆ. ನೀಲಿ ಗೆರೆ ಇಂಜಿನ್ ಕೊಟ್ಟಿದ್ದು. ಅರ್ಧಕ್ಕಿಂತ ಜಾಸ್ತಿ! ಈಗ ಇಲ್ಲಿ ನೋಡಿ, ಬ್ರೇಕು. ಅರ್ಧ ಸೆಕೆಂಡೂ ಆಗಿಲ್ಲ. ನನಗೂ ಆಗಲ್ಲ ಇದು.’

ಅವನು ನೋಡಿದ.

‘ಯಾರು ಓಡಿಸಿದ್ದೋ ಏನೋ, ಒಳ್ಳೇ ಕಾಲು ಸಾರ್. ನಿಮ್ಮದಲ್ಲ. ನಿಮ್ಮದು ಭಾನುವಾರದ್ದರಲ್ಲಿದೆ. ತುಳಿಯೋ ಕಾಲು.’

ಅವನು ಕರವಸ್ತ್ರದಿಂದ ಮೂಗು ಒರೆಸಿಕೊಂಡ. ‘ಡ್ರೈವರ್ ಒಬ್ಬನನ್ನ ಕರೆಸಿದ್ದೆ.’

‘ಓ, ಹಾಗಾ,’ ಎಂದರು ಮೇಷ್ಟ್ರು. ಕಾರಿನ ಮುಂದಿನ ಬಂಪರಿನ ಬಲಭಾಗದಲ್ಲಿ ಬಣ್ಣ ಎದ್ದುಹೋಗಿತ್ತು. ಅದನ್ನೊಮ್ಮೆ ನೋಡಿ ಮತ್ತೆ ಏನೂ ಕೇಳಲಿಲ್ಲ. ಹಳೆಯ ಫೈಲು ವಾಪಸು ಬರೆಯಲು ಏಳು ನಿಮಿಷ ಹಿಡಿಯಿತು. ‘ಮೊದಲಿನ ಹಾಗೇ ಆಯ್ತು. ಬಿಡಿ, ಯಾರು ಓಡಿಸಿದ್ರೂ ಗೊತ್ತಾಗಲ್ಲ.’ ಆಮೇಲೆ ಉಗುರಿನಷ್ಟು ದೊಡ್ಡ ಪೆನ್‌ಡ್ರೈವ್ ಒಂದನ್ನು ಹಿಡಿದರು. ‘ಇದು ನಿಮ್ಮ ಗಾಡಿ ಜಾತಕ. ಆ ದಿನದ್ದೂ ಇದೆ. ಬೇಡ ಅಂದ್ರೆ ಇಲ್ಲೇ ಅಳಿಸಿಬಿಡ್ತೀನಿ.’

ಅಳಿಸಿಬಿಡಿ ಎನ್ನಲು ಬಾಯಿ ತೆರೆದ. ಕೈ ಮಾತ್ರ ಮುಂದೆ ಚಾಚಿಕೊಂಡಿತು.

ವಾಪಸು ಬರುವಾಗ ಒಂದು ಲಾರಿಯನ್ನು ಹಿಂದೆ ಹಾಕಲು ಒತ್ತಿದ. ಕಾರು ಮೊದಲಿನಂತೆ ಯೋಚಿಸಿ, ನಿಟ್ಟುಸಿರಿಟ್ಟು, ಆಮೇಲೆ ಮುಂದೆ ಹೋಯಿತು. ಅಯ್ಯೋ, ಆ ನೆಗೆತ ಹೋಯಿತಲ್ಲ ಎಂದು ಅವನಿಗೆ ಬೇಸರವಾಯಿತು. ಮನೆಯಲ್ಲೊಬ್ಬರ ಕಾಲು ಮುರಿದಿರುವಾಗ ತನಗೆ ಮೊದಲು ನೆನಪಾದದ್ದು ಇದು ಎಂದು ತಿಳಿದು ಮುಖ ಬಿಸಿಯಾಯಿತು. ಕನ್ನಡಿಯಲ್ಲಿ ನೋಡಿಕೊಳ್ಳಲಿಲ್ಲ.

ಅತ್ತೆ ಹಜಾರದಲ್ಲಿ ಕುರ್ಚಿಯ ಮೇಲೆ ಕೂತು, ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಆ ಸೋಮವಾರ ಅವರೇ ಗೇಟು ತೆರೆದು, ಕಂಬದ ಪಕ್ಕ ನಿಂತು, ಮಗಳಿಗೆ ಬಾ ಬಾ ಎಂದು ಕೈ ಬೀಸಿದ್ದರು. ಕಾರು ಎಗರಿ ಅವರ ಕಾಲನ್ನು ಕಂಬಕ್ಕೆ ಒತ್ತಿ ನಿಂತಿತ್ತು. ಗೇಟಿನ ಬಳಿ ಸಣ್ಣ ಏರು. ಅದನ್ನು ಹತ್ತಲು ದಿನಾ ಎಷ್ಟು ಒತ್ತುತ್ತಿದ್ದಳೋ ಅಷ್ಟೇ ಒತ್ತಿದ್ದೆ ಎಂದು ಅವಳು ಆಸ್ಪತ್ರೆಯ ಬೆಂಚಿನಲ್ಲಿ ಹತ್ತು ಸಲ ಹೇಳಿದ್ದಳು. ಆಮೇಲೆ ಹಾಗೆ ಹೇಳುವುದನ್ನು ಬಿಟ್ಟಳು. ನಿನ್ನೆ ಮಾತ್ರ, ಅನ್ನ ಬಡಿಸುತ್ತ, ‘ಗಾಡೀಲೇ ಏನಾದ್ರೂ ಇತ್ತಾ ಅಂತ ಒಂದ್ಸಲ ತೋರಿಸ್ಕೊಂಡು ಬರ್ತೀರಾ?’ ಎಂದು ಕೇಳಿದ್ದಳು. ಅವನು ಅರ್ಧ ದಿನ ರಜೆ ಹಾಕಿದ್ದು ಅದಕ್ಕೆ.

ಅವಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಬಸ್ಸಿನಲ್ಲಿ ಬಂದಳು. ಚೀಲವನ್ನೂ ಇಳಿಸಲಿಲ್ಲ.

‘ಏನಂದ್ರು?’

ಹೇಳಬಹುದಾಗಿತ್ತು. ಪೆನ್‌ಡ್ರೈವ್ ಅಂಗಿಯ ಜೇಬಿನಲ್ಲೇ ಇತ್ತು.

‘ಎಲ್ಲಾ ಸರಿ ಇದೆ ಅಂದ್ರು.’

ಈಗ ಅದು ನಿಜವೂ ಆಗಿತ್ತು. ಅವಳು ತಲೆಯಾಡಿಸಿದಳು. ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಾಗಲೂ ಹೀಗೇ ತಲೆಯಾಡಿಸಿದ್ದಳು. ಮೂರನೆಯ ಸಲ ಪಾಸಾದ ದಿನ, ನಲವತ್ತೆರಡರ ಹೆಂಗಸು, ಅದೇ ಗೇಟಿನ ಮುಂದೆ ಕುಣಿದಿದ್ದಳು.

‘ಅಳಿಯಂದ್ರೇ,’ ಅತ್ತೆ ಹೇಳಿದರು, ‘ಅವರೇನಾದ್ರೂ ಅನ್ಲಿ. ಆವತ್ತು ಆ ಗಾಡಿಗೇ ಏನೋ ಮೈಮೇಲೆ ಬಂದಿತ್ತು. ಎದುರಿಗೆ ನಿಂತವಳು ನಾನು.’

‘ಸುಮ್ನಿರಮ್ಮ,’ ಎಂದಳು ಅವಳು. ‘ನನ್ನ ತಪ್ಪನ್ನ ಪಾಪ ಗಾಡಿ ಮೇಲೆ ಹಾಕ್ಬೇಡ.’

ಅವನಿಗೆ ಒಂದು ದಾರಿ ಹೊಳೆಯಿತು. ಅವಳು ಒಂದು ಸಲ ಓಡಿಸಲಿ. ಕಾರು ಮೆತ್ತಗೆ ಹೋದರೆ ಧೈರ್ಯ ಬರುತ್ತದೆ. ಧೈರ್ಯ ಬಂದರೆ ಎಲ್ಲ ಮೊದಲಿನಂತಾಗುತ್ತದೆ, ತಾನು ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ. ಇಂಥ ಉಪಾಯ ಹೂಡುವ ವ್ಯಾಪಾರಿಗಳನ್ನು ಅವನು ಬಹಳ ಕಂಡಿದ್ದ.

‘ಬಾ, ಒಂದು ಸುತ್ತು. ನಾನು ಪಕ್ಕದಲ್ಲೇ ಇರ್ತೀನಿ.’

ಬೇಡ ಎಂದಳು. ಅವನು ಬಿಡಲಿಲ್ಲ. ಅತ್ತೆ ಕೂಡ, ‘ಹೋಗೇ, ಈಗ ಮುರಿಯೋಕೆ ನನ್ನದು ಇನ್ನೊಂದೇ ಕಾಲು ಉಳಿದಿರೋದು, ಅದನ್ನ ಒಳಗೇ ಇಟ್ಕೊಂಡಿರ್ತೀನಿ,’ ಎಂದು ನಕ್ಕರು. ಮಗಳು ನಗಲಿಲ್ಲ.

ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಕೂತಳು. ರಸ್ತೆಯ ತುದಿಯವರೆಗೆ ಹೋಗಿ ತಿರುಗಿಸಿದಳು. ಗೇಟಿನ ಏರು ಬಂತು. ಅವಳು ಉಸಿರು ಹಿಡಿದು ಒತ್ತಿದಳು. ಕಾರು ಸಾಧುಪ್ರಾಣಿಯಂತೆ ಏರನ್ನು ಹತ್ತಿ, ಒಳಗೆ ಬಂದು, ನಿಂತಿತು.

‘ನೋಡಿದೆಯಾ?’ ಎಂದ. ದನಿಯಲ್ಲಿ ಉತ್ಸಾಹ ಸ್ವಲ್ಪ ಹೆಚ್ಚೇ ಆಯಿತು.

ಅವಳು ಇಂಜಿನ್ ಆರಿಸಿದಳು. ಎರಡೂ ಕೈ ಸ್ಟಿಯರಿಂಗಿನ ಮೇಲೆಯೇ ಇದ್ದವು.

‘ಆವತ್ತೂ ಇಷ್ಟೇ ಒತ್ತಿದ್ದೆ ಅಂದ್ಕೊಂಡಿದ್ದೆ. ಇಷ್ಟು ಒತ್ತಿದ್ರೆ ಇಷ್ಟು ಮೆತ್ತಗೆ ಹತ್ತತ್ತೆ. ಹಾಗಿದ್ರೆ ಆವತ್ತು ಎಷ್ಟು ಒತ್ತಿರ್ಬೇಕು ನಾನು?’

ಅವನು ಸೀಟ್‌ಬೆಲ್ಟು ಬಿಚ್ಚಿದ.

‘ಜೋರಾಗಿ ತುಳಿದಿದ್ದು ನನಗೆ ಗೊತ್ತೇ ಆಗಿಲ್ಲ ಅಲ್ವಾ? ಅದೇ ಭಯ ರೀ. ಇವತ್ತು ಅಂಗಡೀಲಿ ಒಂದು ಚೀಟಿ ನಾಲ್ಕು ಸಲ ಓದಿದೆ. ಆದ್ರೂ ಮಾತ್ರೆ ಕೊಡೋಕೆ ಕೈ ಬರ್ಲಿಲ್ಲ. ಕಾಲು ಮಾಡಿದ್ದು ನನಗೆ ಗೊತ್ತಾಗ್ಲಿಲ್ಲ ಅಂದ್ಮೇಲೆ ಕೈ ಮಾಡೋದು ಗೊತ್ತಾಗತ್ತಾ? ನಾಳೆ ಯಜಮಾನರಿಗೆ ಹೇಳ್ಬಿಡ್ತೀನಿ, ಕೌಂಟರು ಬೇಡ, ಗೋದಾಮಿಗೆ ಹಾಕಿ ಅಂತ.’

‘ನೋಡು,’ ಎಂದ ಅವನು.

‘ಏನು?’

ಅವಳು ಅವನನ್ನೇ ನೋಡುತ್ತಿದ್ದಳು. ಹದಿನೆಂಟು ಎಂಬ ಒಂದು ಅಂಕಿ ಹೇಳಿದರೆ ಸಾಕಾಗಿತ್ತು.

‘ಏನಿಲ್ಲ. ಹಿಂದಿನ ಟೈರಲ್ಲಿ ಗಾಳಿ ಕಡಿಮೆ ಇದ್ದ ಹಾಗಿದೆ.’

ಮುಖ ತೊಳೆದು ಹಜಾರಕ್ಕೆ ಬಂದಾಗ ಅವಳು ಅಮ್ಮನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಾಲ ಬಳಿ ಮನೆಯ ತೂಕದ ಯಂತ್ರ. ಹತ್ತಿ ನಿಲ್ಲುವಂಥದ್ದು, ದುಂಡನೆಯ ಗಾಜಿನ ಕೆಳಗೆ ಮುಳ್ಳು. ಅವನೇ ಕಚೇರಿಯಲ್ಲಿ ಪರೀಕ್ಷಿಸಿ ತಂದದ್ದು. ಹಬ್ಬದೂಟವಿಲ್ಲದೆಯೂ ತಮ್ಮ ತೂಕ ಏರುವುದನ್ನು ಕಂಡು ಅತ್ತೆ, ಈ ಮನೆಯಲ್ಲಿ ಮುಲಾಜಿಲ್ಲದೆ ಮಾತಾಡೋದು ಇದೊಂದೇ ಎಂದು ಬೈಯುತ್ತಿದ್ದರು.

‘ಬನ್ನಿ ಇಲ್ಲಿ,’ ಎಂದಳು. ‘ಅಭ್ಯಾಸ ಮಾಡ್ತೀನಿ. ನಾನು ಕಣ್ಣು ಮುಚ್ಚಿ ಐದು ಕೆಜಿ ಅಂದ್ಕೊಂಡು ಒತ್ತೀನಿ. ಎಷ್ಟು ತೋರಿಸತ್ತೆ ನೀವು ಹೇಳಿ. ನನಗೆ ಸಮಾಧಾನ ಆಗ್ಲಿ ಅಂತ ಹೇಳ್ಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ.’

ಅವನು ನೆಲದ ಮೇಲೆ ಮಂಡಿಯೂರಿದ. ಬಗ್ಗಿದಾಗ ಜೇಬಿನಲ್ಲಿದ್ದದ್ದು ಎದೆಗೆ ಒತ್ತಿತು. ಅವಳು ಕಣ್ಣು ಮುಚ್ಚಿ ಬಲಪಾದವನ್ನು ಯಂತ್ರದ ಮೇಲಿಟ್ಟಳು. ಮುಳ್ಳು ಸೊನ್ನೆಯಿಂದ ಹೊರಟು, ಒಂದು, ಎರಡು, ಮೂರು ದಾಟಿ, ಐದರ ಗೆರೆಯ ಮೇಲೆ ಬಂದು ನಿಂತಿತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಇಷ್ಟು ನಿಖರವಾಗಿ ನಿಂತ ಮುಳ್ಳನ್ನು ಅವನು ಅಪರೂಪಕ್ಕೆ ಕಂಡಿದ್ದ.

‘ಎಷ್ಟು?’

ಅತ್ತೆ ಕುರ್ಚಿಯಿಂದ ಅವನ ಮುಖ ನೋಡುತ್ತಿದ್ದರು.

ಐದು ಎಂದರೆ, ಹಾಗಾದರೆ ಆವತ್ತು ಏನಾಯಿತು ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಅವನೊಬ್ಬನ ಹತ್ತಿರ ಇತ್ತು.

‘ಎಷ್ಟು ರೀ? ಜಾಸ್ತಿಯಾಯ್ತಾ?’

ಅವನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಅವಳ ಮುಚ್ಚಿದ ರೆಪ್ಪೆಗಳು ಅದುರಿದವು. ಪಾದ ಸ್ವಲ್ಪ ಸಡಿಲಗೊಂಡಿತು, ಹೆದರಿ ಮತ್ತೆ ಒತ್ತಿತು, ಮತ್ತೆ ಸಡಿಲಗೊಂಡಿತು. ಗಾಜಿನ ಕೆಳಗೆ ಮುಳ್ಳು ಐದನ್ನು ಬಿಟ್ಟು ಅತ್ತಿತ್ತ ನಡುಗತೊಡಗಿತು.